ಬಾರ್ಟ್ ಸ್ಟಾರ್

ಬ್ರಯನ್ ಬಾರ್ಟ್ಲೆಟ್ ಸ್ಟಾರ್ (ಜನವರಿ 9, 1934 – ಮೇ 26, 2019) ಅಮೆರಿಕದ ವೃತ್ತಿಪರ ಫುಟ್‌ಬಾಲ್ ಆಟಗಾರರು ಹಾಗೂ ತರಬೇತುದಾರರು. ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಪ್ಯಾಕರ್ಸ್ ತಂಡದಲ್ಲಿ 1956ರಿಂದ 1971ರವರೆಗೆ ಹದಿನಾರು ಋತುಗಳ ಕಾಲ ಕ್ವಾರ್ಟರ್‌ಬ್ಯಾಕ್ ಆಗಿ ಆಡಿದ ಅವರು, ಏಳು ವರ್ಷಗಳ ಅವಧಿಯಲ್ಲಿ ಆ ತಂಡ ಐದು ಬಾರಿ ರಾಷ್ಟ್ರೀಯ ಫುಟ್‌ಬಾಲ್ ಲೀಗ್‌ನ ಚಾಂಪಿಯನ್ ಆಗಲು ಮುಖ್ಯ ಕಾರಣರಾದರು. 1975ರಿಂದ 1983ರವರೆಗೆ ಅದೇ ತಂಡದ ಮುಖ್ಯ ತರಬೇತುದಾರರಾಗಿದ್ದರು. ಆಟಗಾರರಾಗಿ ಪಡೆದ ಯಶಸ್ಸು ತರಬೇತುದಾರರಾಗಿ ಅವರಿಗೆ ದೊರೆಯಲಿಲ್ಲ.

ಕ್ವಾರ್ಟರ್‌ಬ್ಯಾಕ್ ಎಂದರೆ

ಅಮೆರಿಕನ್ ಫುಟ್‌ಬಾಲ್ ನಮ್ಮಲ್ಲಿ ಪರಿಚಿತವಾದ ಕಾಲ್ಚೆಂಡಾಟವಲ್ಲ. ಇದರಲ್ಲಿ ಹನ್ನೊಂದು ಮಂದಿಯ ತಂಡವು ಚೆಂಡನ್ನು ಬಹುಮಟ್ಟಿಗೆ ಕೈಯಲ್ಲಿ ಹಿಡಿದು ಓಡುತ್ತ ಅಥವಾ ಎಸೆಯುತ್ತ ಎದುರಾಳಿಯ ಅಂಚಿನತ್ತ ಸಾಗುತ್ತದೆ. ನಾಲ್ಕು ಯತ್ನಗಳೊಳಗೆ ಹತ್ತು ಗಜ ಮುಂದುವರಿಯದಿದ್ದರೆ ಚೆಂಡು ಎದುರಾಳಿಯ ಪಾಲಾಗುತ್ತದೆ. ಪ್ರತಿ ಯತ್ನದಲ್ಲೂ ಸಾಮಾನ್ಯವಾಗಿ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್‌ನ ಕೈಗೆ. ಅದನ್ನು ಎಸೆಯುವುದೋ, ಜೊತೆಗಾರನಿಗೆ ಒಪ್ಪಿಸುವುದೋ, ತಾನೇ ಹಿಡಿದು ನುಗ್ಗುವುದೋ ಆತನ ಕೆಲಸ. ಇಂದು ಯಾವ ಯತ್ನದಲ್ಲಿ ಏನು ಮಾಡಬೇಕೆಂಬ ಸೂಚನೆ ತರಬೇತುದಾರರಿಂದ ಬರುತ್ತದೆ. ಸ್ಟಾರ್ ಅವರ ಕಾಲದಲ್ಲಿ ಬಹುಪಾಲು ಕ್ವಾರ್ಟರ್‌ಬ್ಯಾಕ್‌ಗಳೇ ಮೈದಾನದಲ್ಲಿ ಅದನ್ನು ತೀರ್ಮಾನಿಸುತ್ತಿದ್ದರು. ಅವರ ಹಿರಿಮೆಯನ್ನು ಅಳೆಯುವಾಗ ಈ ಸಂಗತಿಯನ್ನು ಮರೆಯುವಂತಿಲ್ಲ.

ಬಾಲ್ಯ ಮತ್ತು ಶಿಕ್ಷಣ

ಸ್ಟಾರ್ ಜನಿಸಿದ್ದು ಅಲಬಾಮ ರಾಜ್ಯದ ಮಾಂಟ್‌ಗೊಮರಿಯಲ್ಲಿ. ತಂದೆ ಸೇನೆಯಲ್ಲಿದ್ದರು, ಮನೆಯಲ್ಲಿಯೂ ಕಟ್ಟುನಿಟ್ಟಿನ ಶಿಸ್ತು. ತಮ್ಮನು ಬಾಲ್ಯದಲ್ಲಿಯೇ ಧನುರ್ವಾಯುವಿನಿಂದ ತೀರಿಕೊಂಡನು. ಮುಂದೆ ಅಲಬಾಮ ವಿಶ್ವವಿದ್ಯಾಲಯದ ತಂಡವನ್ನು ಸೇರಿದರೂ ಬೆನ್ನಿನ ಗಾಯದಿಂದ ಅಲ್ಲಿನ ದಿನಗಳು ಕಷ್ಟದಲ್ಲಿ ಕಳೆದವು. ಕೊನೆಯ ವರ್ಷವಾದ 1955ರಲ್ಲಿ ಹೊಸ ತರಬೇತುದಾರರು ಅವರಿಗೆ ಹೆಚ್ಚಿನ ಅವಕಾಶ ನೀಡಲಿಲ್ಲ. ಆ ವರ್ಷ ತಂಡ ಆಡಿದ ಹತ್ತು ಪಂದ್ಯಗಳಲ್ಲಿ ಹತ್ತನ್ನೂ ಸೋತಿತು.

ಇಂಥ ಆಟಗಾರನನ್ನು ವೃತ್ತಿಪರ ತಂಡಗಳು ಗಮನಿಸುವ ಸಂಭವ ಕಡಿಮೆಯಿತ್ತು. ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತರಬೇತುದಾರ ಜಾನಿ ಡೀ ಅವರು ಪ್ಯಾಕರ್ಸ್ ತಂಡದಲ್ಲಿದ್ದ ತಮ್ಮ ಪರಿಚಿತರಿಗೆ ಶಿಫಾರಸು ಮಾಡಿದ್ದರಿಂದ, 1956ರ ಆಯ್ಕೆಯಲ್ಲಿ ಹದಿನೇಳನೆಯ ಸುತ್ತಿನಲ್ಲಿ, ಒಟ್ಟಾರೆ 200ನೆಯವರಾಗಿ ಸ್ಟಾರ್ ಆಯ್ಕೆಯಾದರು.

ಆಟಗಾರರಾಗಿ

ಮೊದಲ ವರ್ಷಗಳು ನೀರಸವಾಗಿದ್ದವು. 1958ರಲ್ಲಿ ಪ್ಯಾಕರ್ಸ್ ಹನ್ನೆರಡು ಪಂದ್ಯಗಳಲ್ಲಿ ಗೆದ್ದದ್ದು ಒಂದೇ ಒಂದು. 1959ರಲ್ಲಿ ವಿನ್ಸ್ ಲೊಂಬಾರ್ಡಿ ತರಬೇತುದಾರರಾಗಿ ಬಂದ ಮೇಲೆ ಸ್ಥಿತಿ ಬದಲಾಯಿತು. ಬಲಿಷ್ಠ ತೋಳಾಗಲಿ ಮಿಂಚಿನ ಓಟವಾಗಲಿ ಸ್ಟಾರ್ ಅವರ ಸೊತ್ತಾಗಿರಲಿಲ್ಲ. ಎದುರಾಳಿಯ ವ್ಯೂಹವನ್ನು ಓದುವ ಬುದ್ಧಿ, ತಪ್ಪು ಮಾಡದ ಎಚ್ಚರ, ಒತ್ತಡದಲ್ಲೂ ಕದಡದ ಮನಸ್ಸು ಅವರ ಬಂಡವಾಳ. ಲೊಂಬಾರ್ಡಿಯವರ ಕಠಿಣ ಕ್ರಮಕ್ಕೆ ಇವೇ ಬೇಕಾಗಿದ್ದವು. 1964–65ರಲ್ಲಿ ಅವರ ಸತತ 294 ಎಸೆತಗಳಲ್ಲಿ ಒಂದೂ ಎದುರಾಳಿಗಳ ಕೈಸೇರಲಿಲ್ಲ.

1960ರ ಅಂತಿಮ ಪಂದ್ಯದಲ್ಲಿ ಫಿಲಡೆಲ್ಫಿಯ ಈಗಲ್ಸ್ ವಿರುದ್ಧ 17–13ರಿಂದ ತಂಡ ಸೋತಿತು. ಋತುವಿನ ಕೊನೆಯ ನಿರ್ಣಾಯಕ ಹಂತದಲ್ಲಿ ಸ್ಟಾರ್ ಆಡಿದ ಹತ್ತು ಪಂದ್ಯಗಳ ಪೈಕಿ ಸೋತದ್ದು ಇದೊಂದೇ. ಬಳಿಕ 1961, 1962, 1965, 1966 ಮತ್ತು 1967ರಲ್ಲಿ ಪ್ಯಾಕರ್ಸ್ ಚಾಂಪಿಯನ್ ಆಯಿತು. ಮೊದಲ ಎರಡು ಸೂಪರ್ ಬೌಲ್ ಪಂದ್ಯಗಳಲ್ಲಿಯೂ (ಕನ್ಸಾಸ್ ಸಿಟಿ ಚೀಫ್ಸ್ ವಿರುದ್ಧ 35–10, ಓಕ್‌ಲ್ಯಾಂಡ್ ರೈಡರ್ಸ್ ವಿರುದ್ಧ 33–14) ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಸ್ಟಾರ್ ಅವರದಾಯಿತು.

ಅವರ ಹೆಸರಿನೊಡನೆ ಬಿಡದೆ ಅಂಟಿಕೊಂಡಿರುವುದು ಡಿಸೆಂಬರ್ 31, 1967ರಂದು ಗ್ರೀನ್ ಬೇಯಲ್ಲಿ ಡಲ್ಲಾಸ್ ಕೌಬಾಯ್ಸ್ ವಿರುದ್ಧ ನಡೆದ 'ಐಸ್ ಬೌಲ್' ಪಂದ್ಯ. ಅಂದು ಉಷ್ಣತೆ ಶೂನ್ಯಕ್ಕಿಂತ ಸುಮಾರು 25 ಡಿಗ್ರಿ ಸೆಲ್ಸಿಯಸ್ ಕೆಳಗಿತ್ತು, ನೆಲ ಹೆಪ್ಪುಗಟ್ಟಿತ್ತು. 17–14ರಿಂದ ಹಿಂದಿದ್ದ ಪ್ಯಾಕರ್ಸ್, ಐದು ನಿಮಿಷಕ್ಕೂ ಕಡಿಮೆ ಸಮಯ ಉಳಿದಿದ್ದಾಗ 68 ಗಜ ದೂರದಿಂದ ಕೊನೆಯ ಮುನ್ನಡೆ ಆರಂಭಿಸಿತು. ಅಂಚಿನ ಸಮೀಪ ಎರಡು ಬಾರಿ ಚೆಂಡು ಹಿಡಿದ ಓಟಗಾರನ ಕಾಲು ಮಂಜಿನಲ್ಲಿ ಜಾರಿತು. ಹದಿನಾರು ಸೆಕೆಂಡು ಉಳಿದಿರುವಾಗ ಸ್ಟಾರ್ ಲೊಂಬಾರ್ಡಿಯವರ ಬಳಿಗೆ ಹೋಗಿ, ಚೆಂಡನ್ನು ತಾವೇ ಹಿಡಿದು ನುಗ್ಗುವುದಾಗಿ ತಿಳಿಸಿದರು. ಓಟಗಾರನಿಗೆ ಚೆಂಡು ಸಿಗುವುದೆಂದೇ ಜೊತೆಗಾರರಲ್ಲಿ ಹಲವರು ತಿಳಿದಿದ್ದರು. ಜೆರ್ರಿ ಕ್ರೇಮರ್ ಅವರ ಹಿಂದೆ ನುಗ್ಗಿದ ಸ್ಟಾರ್ ಅಂಚನ್ನು ದಾಟಿ ಬಿದ್ದರು. ಪಂದ್ಯ 21–17ರಿಂದ ಪ್ಯಾಕರ್ಸ್ ಪಾಲಾಯಿತು.

ವೃತ್ತಿಜೀವನದಲ್ಲಿ ಅವರ ಎಸೆತಗಳಿಂದ 24,718 ಗಜ ಹಾಗೂ 152 ಟಚ್‌ಡೌನ್‌ಗಳು ಬಂದವು. 1972ರಲ್ಲಿ ನಿವೃತ್ತರಾದರು. 1977ರಲ್ಲಿ ವೃತ್ತಿಪರ ಫುಟ್‌ಬಾಲ್‌ನ ಹಾಲ್ ಆಫ್ ಫೇಮ್‌ಗೆ ಸೇರ್ಪಡೆಯಾದರು.

ತರಬೇತುದಾರರಾಗಿ

ನಿವೃತ್ತಿಯ ವರ್ಷ ಡ್ಯಾನ್ ಡಿವೈನ್ ಅವರ ಕೈಕೆಳಗೆ ಕ್ವಾರ್ಟರ್‌ಬ್ಯಾಕ್‌ಗಳ ತರಬೇತಿ ನೋಡಿಕೊಂಡದ್ದು, ಆನಂತರ ದೂರದರ್ಶನದಲ್ಲಿ ವೀಕ್ಷಕ ವಿವರಣೆ ನೀಡಿದ್ದು ಬಿಟ್ಟರೆ ಸ್ಟಾರ್ ಅವರಿಗೆ ಬೇರೆ ಅನುಭವವಿರಲಿಲ್ಲ. ಆದರೂ 1974ರ ಡಿಸೆಂಬರಿನಲ್ಲಿ ಮುಖ್ಯ ತರಬೇತುದಾರ ಹಾಗೂ ಪ್ರಧಾನ ವ್ಯವಸ್ಥಾಪಕ ಎರಡೂ ಹೊಣೆಗಳನ್ನು ಅವರಿಗೆ ಒಪ್ಪಿಸಲಾಯಿತು. ಪ್ಯಾಕರ್ಸ್ ಒಬ್ಬ ಶ್ರೀಮಂತನ ಸ್ವತ್ತಲ್ಲ, ಸಾಮಾನ್ಯ ಜನರೇ ಷೇರುದಾರರಾಗಿರುವ ತಂಡ. ಊರಿನವರ ಪ್ರೀತಿಯೇ ಈ ನೇಮಕದ ಹಿಂದಿದ್ದ ದೊಡ್ಡ ಬಲವೆನ್ನಬಹುದು.

ಅವರು ಕೈಗೆತ್ತಿಕೊಂಡದ್ದು ಸಾಲ ಮಾಡಿ ಉಂಡ ಮನೆ. ಕಾಲೇಜು ಆಟಗಾರರನ್ನು ತಂಡಗಳು ಪ್ರತಿವರ್ಷ ಸರದಿಯಂತೆ ಆರಿಸಿಕೊಳ್ಳುತ್ತವೆ. ಮುಂದಿನ ಸರದಿಗಳನ್ನು ಕೊಟ್ಟು ಬೇರೆ ತಂಡದಿಂದ ಅನುಭವಿಗಳನ್ನು ಪಡೆಯಲೂಬಹುದು. 1974ರ ಅಕ್ಟೋಬರಿನಲ್ಲಿ ಡಿವೈನ್ ಅವರು ಮುಂದಿನ ಎರಡು ವರ್ಷಗಳ ಐದು ಸರದಿಗಳನ್ನು ಲಾಸ್ ಏಂಜಲೀಸ್ ರ‍್ಯಾಮ್ಸ್‌ಗೆ ತೆತ್ತು, 34 ವರ್ಷದ ಕ್ವಾರ್ಟರ್‌ಬ್ಯಾಕ್ ಜಾನ್ ಹ್ಯಾಡ್ಲ್ ಅವರನ್ನು ತಂದಿದ್ದರು. 1975ರಲ್ಲಿ ಹ್ಯಾಡ್ಲ್ ಎಸೆತಗಳಿಂದ ಬಂದ ಟಚ್‌ಡೌನ್ ಆರು, ಎದುರಾಳಿಗಳ ಕೈಸೇರಿದ ಎಸೆತ 21. ಹೊಸರಕ್ತ ತುಂಬಬೇಕಾಗಿದ್ದ ಹೊತ್ತಿನಲ್ಲಿ ಒಳ್ಳೆಯ ಸರದಿಗಳೇ ಸ್ಟಾರ್ ಅವರ ಕೈಯಲ್ಲಿರಲಿಲ್ಲ. ಆ ವರ್ಷ ತಂಡ ನಾಲ್ಕು ಪಂದ್ಯ ಗೆದ್ದು ಹತ್ತನ್ನು ಸೋತಿತು. 1976ರಲ್ಲಿ ಹ್ಯಾಡ್ಲ್ ಅವರನ್ನು ಬಿಟ್ಟುಕೊಟ್ಟು ಪಡೆದ ಲಿನ್ ಡಿಕಿ ಸಮರ್ಥರೇ. ಆದರೆ ಮರುವರ್ಷ ಕಾಲು ಮುರಿದುಕೊಂಡು 1978ರ ಇಡೀ ಋತುವನ್ನು ಕಳೆದುಕೊಂಡರು.

ಇಷ್ಟಾದರೂ ಎಲ್ಲ ಹೊಣೆಯನ್ನು ಹಿಂದಿನವರ ಮೇಲೂ ವಿಧಿಯ ಮೇಲೂ ಹೊರಿಸುವುದು ನ್ಯಾಯವಲ್ಲ. 1980ರ ಋತುವಿನ ನಂತರ ವ್ಯವಸ್ಥಾಪಕ ಹೊಣೆಯನ್ನು ಅವರಿಂದ ಹಿಂತೆಗೆದುಕೊಳ್ಳಲಾಯಿತು. 1981ರ ಆಯ್ಕೆಯಲ್ಲಿ ಆರನೆಯ ಸರದಿ ಪಡೆದ ಪ್ಯಾಕರ್ಸ್, ರಿಚ್ ಕ್ಯಾಂಬೆಲ್ ಎಂಬ ಕ್ವಾರ್ಟರ್‌ಬ್ಯಾಕ್‌ನನ್ನು ಆರಿಸಿತು. ಎಂಟನೆಯ ಸರದಿಯವರೆಗೂ ಉಳಿದಿದ್ದ ರಕ್ಷಣಾ ಆಟಗಾರ ರಾನೀ ಲಾಟ್ ಮುಂದೆ ಹಾಲ್ ಆಫ್ ಫೇಮ್ ಸೇರಿದರು. ಕ್ಯಾಂಬೆಲ್ ಆಡಿದ್ದು ಕೇವಲ ಏಳು ಪಂದ್ಯ. ಶ್ರೇಷ್ಠ ಕ್ವಾರ್ಟರ್‌ಬ್ಯಾಕ್ ಒಬ್ಬರು ತರಬೇತುದಾರರಾಗಿದ್ದ ತಂಡವೇ ಕ್ವಾರ್ಟರ್‌ಬ್ಯಾಕ್ ಆಯ್ಕೆಯಲ್ಲಿ ಎಡವಿದ್ದು ವಿಪರ್ಯಾಸ.

ಮುಷ್ಕರದಿಂದ ಒಂಬತ್ತೇ ಪಂದ್ಯಗಳಿಗೆ ಇಳಿದ 1982ರ ಋತುವಿನಲ್ಲಿ ತಂಡ ನಿರ್ಣಾಯಕ ಹಂತ ತಲುಪಿ, ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡವನ್ನು 41–16ರಿಂದ ಸೋಲಿಸಿತು. 1983ರಲ್ಲಿ ಡಿಕಿ 4,458 ಗಜಗಳೊಂದಿಗೆ ಇಡೀ ಲೀಗ್‌ಗೆ ಮೊದಲಿಗರಾದರು. ಅಕ್ಟೋಬರ್ 17ರಂದು ಅಂದಿನ ಸೂಪರ್ ಬೌಲ್ ವಿಜೇತ ವಾಷಿಂಗ್ಟನ್ ವಿರುದ್ಧ 48–47ರ ರೋಚಕ ಗೆಲುವು ದೊರೆಯಿತು. ಆದರೆ ರಕ್ಷಣೆಯ ದೌರ್ಬಲ್ಯದಿಂದ ಗಳಿಸಿದ ಅಂಕಗಳಿಗಿಂತ ಬಿಟ್ಟುಕೊಟ್ಟ ಅಂಕಗಳೇ ಹೆಚ್ಚಾದವು. ಡಿಸೆಂಬರ್ 18ರಂದು ಶಿಕಾಗೊ ಬೇರ್ಸ್ ವಿರುದ್ಧ ಕೊನೆಯ ಕ್ಷಣಗಳಲ್ಲಿ 23–21ರಿಂದ ಸೋತ ಮರುದಿನವೇ ಅವರನ್ನು ವಜಾಗೊಳಿಸಲಾಯಿತು. ಒಂಬತ್ತು ಋತುಗಳ ಲೀಗ್ ಪಂದ್ಯಗಳಲ್ಲಿ ಗೆಲುವು 52, ಸೋಲು 76, ಸಮ 3. ಸಹ ಆಟಗಾರರಾಗಿದ್ದ ಫಾರೆಸ್ಟ್ ಗ್ರೆಗ್ ಅವರ ಸ್ಥಾನಕ್ಕೆ ಬಂದರು.

ನಂತರದ ಜೀವನ

ಮುಂದೆ ಸ್ಟಾರ್ ಬೇರೆ ಯಾವ ತಂಡಕ್ಕೂ ತರಬೇತುದಾರರಾಗಲಿಲ್ಲ. ವಿಸ್ಕಾನ್ಸಿನ್‌ನಲ್ಲಿ ದಾರಿತಪ್ಪಿದ ಬಾಲಕರಿಗಾಗಿ ಸ್ಥಾಪಿತವಾದ ರಾಹೈಡ್ ಸಂಸ್ಥೆಗೆ ಅವರೂ ಪತ್ನಿ ಚೆರ್ರಿಯವರೂ 1960ರ ದಶಕದಿಂದಲೇ ನೆರವಾಗಿದ್ದರು. 2014ರಲ್ಲಿ ಪಾರ್ಶ್ವವಾಯು ಹಾಗೂ ಹೃದಯಾಘಾತಕ್ಕೆ ತುತ್ತಾದರು. ಆದರೂ 2015ರ ನವೆಂಬರ್ 26ರಂದು, ಪ್ಯಾಕರ್ಸ್‌ನ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಬ್ರೆಟ್ ಫಾರ್ವ್ ಅವರ ಗೌರವ ಸಮಾರಂಭಕ್ಕೆ ಮಳೆಯಲ್ಲಿಯೇ ಗ್ರೀನ್ ಬೇಯ ಮೈದಾನಕ್ಕೆ ಬಂದಿದ್ದರು. 2019ರ ಮೇ 26ರಂದು ಅಲಬಾಮದ ಬರ್ಮಿಂಗ್‌ಹ್ಯಾಮ್‌ನಲ್ಲಿ, 85ನೆಯ ವಯಸ್ಸಿನಲ್ಲಿ ನಿಧನರಾದರು. ಅವರು ಧರಿಸುತ್ತಿದ್ದ 15ನೆಯ ಸಂಖ್ಯೆಯ ಅಂಗಿಯನ್ನು ಪ್ಯಾಕರ್ಸ್ 1973ರಿಂದ ಯಾವ ಆಟಗಾರನಿಗೂ ನೀಡಿಲ್ಲ.