ಸಂತೆ, ಜಗಲಿ, ಕಾರ್ಖಾನೆ: ಕನ್ನಡ ನಾಡಿನಲ್ಲಿ ಸುವಾರ್ತೆ ನಡೆದ ದಾರಿ

ಕ್ಯಾಸನೂರು ಸೇರಿದಂತೆ ಸೊರಬ-ಶಿಕಾರಿಪುರದ ಮಲೆನಾಡಿನ ಸೆರಗು ಹತ್ತೊಂಬತ್ತನೆಯ ಶತಮಾನದಲ್ಲಿ ಎರಡು ಕ್ರೈಸ್ತ ಮಿಷನ್‌ಗಳ ಕಾರ್ಯಕ್ಷೇತ್ರಗಳ ನಡುವೆ ಇತ್ತು. ಪಶ್ಚಿಮದ ಕರಾವಳಿಯಲ್ಲಿಯೂ ಉತ್ತರದ ಧಾರವಾಡ-ಹುಬ್ಬಳ್ಳಿಗಳಲ್ಲಿಯೂ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ನೆಲೆಯೂರಿದ್ದರೆ, ಶಿವಮೊಗ್ಗ ಒಳಗೊಂಡ ಮೈಸೂರು ಸಂಸ್ಥಾನದಲ್ಲಿ ಇಂಗ್ಲೆಂಡಿನ ವೆಸ್ಲಿಯನ್ ಮಿಷನ್ ಕೆಲಸ ಮಾಡುತ್ತಿತ್ತು. ಈ ಸಂಸ್ಥೆಗಳ ಚರಿತ್ರೆಯನ್ನು ಸಾಮಾನ್ಯವಾಗಿ ಪಾದ್ರಿಗಳ ಹೆಸರುಗಳಿಂದ ಬರೆಯಲಾಗಿದೆ. ಆದರೆ ಸುವಾರ್ತೆ, ಅಂದರೆ ಕ್ರಿಸ್ತನನ್ನು ಕುರಿತ ಶುಭ ಸಂದೇಶ, ಮನೆಯಿಂದ ಮನೆಗೆ ಸಾಗಿದ್ದು ಹೆಚ್ಚಾಗಿ ಹೆಸರಿಲ್ಲದ ಕನ್ನಡಿಗರ ಮೂಲಕ ಎಂಬುದನ್ನು ಆ ಚರಿತ್ರೆ ಸಾಕಷ್ಟು ಹೇಳಿಲ್ಲ.

ಮೊದಲಿಗೆ ಬೇಕಾದದ್ದು ಕನ್ನಡದ ಪುಸ್ತಕ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲ್ಲಿನ ಕನ್ನಡ ಅನುವಾದಕ್ಕೆ ತೊಡಗಿದರು. 1834ರಲ್ಲಿ ಬಾಸೆಲ್ ಮಿಷನ್ನಿನ ಸಾಮ್ಯುಯೆಲ್ ಹೆಬಿಕ್ ಮತ್ತು ಇಬ್ಬರು ಸಂಗಡಿಗರು ಮಂಗಳೂರಿಗೆ ಬಂದ ಮೇಲೆ, 1841ರಲ್ಲಿ ಅಲ್ಲಿ ಕಲ್ಲಚ್ಚಿನ ಮುದ್ರಣಾಲಯವೊಂದು ಆರಂಭವಾಯಿತು. ಎರಡು ವರ್ಷಗಳಲ್ಲಿ ಹರ್ಮನ್ ಮೋಗ್ಲಿಂಗ್ ಸಂಪಾದಕತ್ವದ 'ಮಂಗಳೂರ ಸಮಾಚಾರ' ಪತ್ರಿಕೆ ಅಲ್ಲಿಂದಲೇ ಹೊರಬಂತು. ಈ ಅಚ್ಚಿನ ಸರಕನ್ನು ಹಳ್ಳಿಗಳಿಗೆ ಮುಟ್ಟಿಸುವ ಹೊಣೆ ಉಪದೇಶಿಗಳದು. ಉಪದೇಶಿ ಎಂದರೆ ದೀಕ್ಷೆ ಪಡೆದ ಪಾದ್ರಿಯಲ್ಲ, ಮಿಷನ್ನಿನಿಂದ ಅಲ್ಪ ಸಂಬಳ ಪಡೆದು ಬೋಧಿಸುತ್ತಿದ್ದ ಸ್ಥಳೀಯ ಕ್ರೈಸ್ತ. ಸಂತೆಯ ದಿನ ಆತ ಮರದಡಿ ನಿಂತು ಒಂದು ಹಾಡು ಹೇಳಿ ಜನ ಕೂಡಿಸಿ, ಮಾತಾಡಿ, ಕೇಳುವವರ ಪ್ರಶ್ನೆಗೂ ಆಕ್ಷೇಪಕ್ಕೂ ಉತ್ತರಿಸಿ, ಕೊನೆಗೆ ಸಣ್ಣ ಹೊತ್ತಗೆಗಳನ್ನು ಕಡಿಮೆ ಬೆಲೆಗೆ ಮಾರುತ್ತಿದ್ದ. ಹೊರಗೆ ಬಾರದ ಹೆಣ್ಣುಮಕ್ಕಳ ಬಳಿಗೆ ಹೋಗುತ್ತಿದ್ದವರು ಬೈಬಲ್ ಸ್ತ್ರೀಯರು. ಜಗಲಿಯಲ್ಲಿ ಕೂತು ಓದಿ ಹೇಳುವುದರ ಜೊತೆಗೆ ಅಕ್ಷರ ಕಲಿಸುವುದೂ ಅವರ ಕೆಲಸದ ಭಾಗವಾಗಿತ್ತು.

ಕೇಳುವ ಕಿವಿಗೆ ಒಗ್ಗುವ ಧಾಟಿಯೂ ಬೇಕಿತ್ತು. 1853ರಲ್ಲಿ ಬಂದ ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟ್ಟೆಲ್, ಮುಂದೆ 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದವರು, 1862ರಷ್ಟು ಹಿಂದೆಯೇ 'ಕಥಾಮಾಲೆ'ಯಲ್ಲಿ ಕ್ರಿಸ್ತನ ಕಥೆಯನ್ನು ಕನ್ನಡದ ಕಾವ್ಯಧಾಟಿಗೆ ತಂದಿದ್ದರು. ಯುರೋಪಿನ ರಾಗಗಳಿಗೆ ಕನ್ನಡ ಮಾತನ್ನು ಹೊಂದಿಸುವುದಕ್ಕಿಂತ ಇದು ಬಹಳ ವಿವೇಕದ ನಡೆ.

ಆದರೆ ನಂಬಿಕೆಯನ್ನು ಒಪ್ಪಿಕೊಂಡವನು ತೆರಬೇಕಾದ ಬೆಲೆ ಸಣ್ಣದಾಗಿರಲಿಲ್ಲ. 1844ರಲ್ಲಿ ಮಂಗಳೂರಿನ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದಾಗ ಊರಿನಲ್ಲಿ ದೊಡ್ಡ ಗದ್ದಲವೆದ್ದಿತು. ಕೌಂಡಿನ್ಯರು ಬಾಸೆಲ್‌ಗೆ ಹೋಗಿ ಓದಿ, ಪಾದ್ರಿಯಾಗಿ ಮರಳಿದರು. ಅಂಥ ಅವಕಾಶ ಎಲ್ಲರಿಗೂ ಇರಲಿಲ್ಲ. ಜಾತಿಯಿಂದ ಹೊರಬಿದ್ದವರಲ್ಲಿ ಅನೇಕರು ಮನೆಯನ್ನೂ ಜೀವನೋಪಾಯವನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಿದ್ದುದರಿಂದ ಮಿಷನ್ನು ನೇಯ್ಗೆಯ ಶಾಲೆಗಳನ್ನೂ, 1865ರಲ್ಲಿ ಗಿಯೋರ್ಗ್ ಪ್ಲೆಬ್ಸ್ಟ್ ಅವರ ನೇತೃತ್ವದಲ್ಲಿ ಮಂಗಳೂರಿನ ಜೆಪ್ಪುವಿನ ಹೆಂಚಿನ ಕಾರ್ಖಾನೆಯನ್ನೂ ಆರಂಭಿಸಿತು. ನದಿಯಂಚಿನ ಜೇಡಿಯನ್ನು ಹದಮಾಡಿ, ಅಚ್ಚಿಗೆ ಒತ್ತಿ, ಸುಟ್ಟು ತೆಗೆದ ಆ ಹೆಂಚುಗಳ ಮೇಲೆ ಕಾರ್ಖಾನೆಯ ಹೆಸರು ಉಬ್ಬಕ್ಷರಗಳಲ್ಲಿ ಮೂಡುತ್ತಿತ್ತು. ಇಲ್ಲಿ ನಂಬಿಕೆ ಕೂಲಿಗೂ ಅಂಟಿಕೊಂಡಿತು ಎಂಬ ಆಕ್ಷೇಪವಿದೆ, ಅದರಲ್ಲಿ ಹುರುಳೂ ಇದೆ. ಉದ್ಯೋಗ ಕೊಡುವವನೂ ಬೋಧಿಸುವವನೂ ಒಬ್ಬನೇ ಆದಾಗ ಕೇಳುವವನ ಸ್ವಾತಂತ್ರ್ಯ ಕುಗ್ಗುತ್ತದೆ. ಆದರೂ ಬಹಿಷ್ಕಾರಕ್ಕೆ ಒಳಗಾದ ಕುಟುಂಬಗಳಿಗೆ ಅನ್ನದ ದಾರಿ ತೋರಿದ್ದು ಈ ಕಾರ್ಖಾನೆಗಳೇ ಎಂಬುದನ್ನು ಮರೆಯಲಾಗದು.

ಮೊದಲ ಮಹಾಯುದ್ಧ ಈ ವ್ಯವಸ್ಥೆಯನ್ನು ಅಲ್ಲಾಡಿಸಿತು. ಬಾಸೆಲ್ ಮಿಷನ್ನಿನಲ್ಲಿದ್ದ ಜರ್ಮನ್ ಮಿಷನರಿಗಳು ಬಂಧನಕ್ಕೊಳಗಾದರು, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್‌ನ ವಶವಾದವು. ಸಭೆ, ಅಂದರೆ ಒಂದೆಡೆ ಆರಾಧಿಸುವ ಕ್ರೈಸ್ತರ ಸಮುದಾಯ, ಅದರಿಂದ ಮುರಿದುಬೀಳಲಿಲ್ಲ. ಉಪದೇಶಿಗಳು, ಶಾಲೆಯ ಮೇಷ್ಟ್ರುಗಳು, ಬೈಬಲ್ ಸ್ತ್ರೀಯರು ಅದನ್ನು ಹೊತ್ತು ನಿಂತರು. ಆ ದಶಕಗಳ ದುಡಿಮೆಯನ್ನು ಅವರ ಹೆಸರಿನಲ್ಲಿಯೇ ಬರೆಯಬೇಕಾದ ಕಾಲ ಬಂದಿದೆ. ಹಳೆಯ ಸಭೆಗಳಲ್ಲಿ ಉಳಿದಿರುವ ದೀಕ್ಷಾಸ್ನಾನದ ದಫ್ತರಗಳನ್ನೂ ಉಪದೇಶಿಗಳ ಟಿಪ್ಪಣಿಗಳನ್ನೂ ಗೆದ್ದಲಿಗೆ ಬಿಡದೆ, ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯೋಲಾಜಿಕಲ್ ಕಾಲೇಜಿನ ದಾಖಲೆ ಭಂಡಾರದಂಥ ಕಡೆಗೆ ಸೇರಿಸುವುದು ಆ ಸಭೆಗಳ ಇಂದಿನ ಹಿರಿಯರು ಮಾಡಬೇಕಾದ ಕೆಲಸ.