ಕಣಜದಲ್ಲಿ ಕಬ್ಬಿಣವೆಷ್ಟು? ಅಸ್ಥಿಮಜ್ಜೆ ಪರೀಕ್ಷೆಯ ನೀಲಿ ಚರಿತ್ರೆ

ರಕ್ತಹೀನತೆ ಇದೆಯೇ ಎಂದು ತಿಳಿಯಲು ಬೆರಳ ತುದಿಯ ಹನಿ ರಕ್ತ ಸಾಕು. ದೇಹದ ಕಣಜದಲ್ಲಿ ಕಬ್ಬಿಣ ಉಳಿದಿದೆಯೇ ಎಂಬುದು ಬೇರೆಯೇ ಪ್ರಶ್ನೆ. ವಯಸ್ಕರ ಮೈಯಲ್ಲಿರುವ ಸುಮಾರು 3ರಿಂದ 4 ಗ್ರಾಂ ಕಬ್ಬಿಣದಲ್ಲಿ ಮೂರರಲ್ಲಿ ಎರಡು ಪಾಲು ಹಿಮೋಗ್ಲೋಬಿನ್‌ನಲ್ಲಿ ದುಡಿಯುತ್ತಿರುತ್ತದೆ. ಮಿಕ್ಕಿದ್ದರಲ್ಲಿ ಬಹುಪಾಲು ಯಕೃತ್ತು, ಗುಲ್ಮ, ಮಜ್ಜೆಗಳಲ್ಲಿ ಫೆರಿಟಿನ್ ಮತ್ತು ಹೀಮೋಸಿಡೆರಿನ್ ರೂಪದಲ್ಲಿ ಕೂಡಿಟ್ಟದ್ದು. ಈ ಕಣಜ ಬರಿದಾದ ಮೇಲೂ ಕೆಲಕಾಲ ಹಿಮೋಗ್ಲೋಬಿನ್ ಕುಂದದು. ಹಾಗಾಗಿ ಕಣಜದ ಬಾಗಿಲನ್ನೇ ತೆರೆದು ನೋಡಬೇಕಾಯಿತು. ಹಾಗೆ ನೋಡಿ ಹೇಳಿದ್ದು ದಶಕಗಳ ಕಾಲ ಕಡೆಯ ಮಾತಾಗಿ ನಿಂತಿತು. ಆ ಮಾತಿಗೆ ಎಷ್ಟು ತೂಕ ಎಂಬುದೇ ಇಲ್ಲಿನ ವಿಚಾರ.

ಕಥೆ ಶುರುವಾಗುವುದು ಬಣ್ಣದಿಂದ. 18ನೇ ಶತಮಾನದ ಮೊದಲ ದಶಕದಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಪ್ರಷ್ಯನ್ ನೀಲಿ ಮೊದಲು ಚಿತ್ರಕಾರರ ಕೈ ಸೇರಿತ್ತು. 1867ರಲ್ಲಿ ಜರ್ಮನ್ ರೋಗಶಾಸ್ತ್ರಜ್ಞ ಮ್ಯಾಕ್ಸ್ ಪರ್ಲ್ಸ್ ಅದೇ ರಸಾಯನವನ್ನು ಅಂಗಾಂಶದ ಮೇಲೆ ಪ್ರಯೋಗಿಸಿದ. ಆಮ್ಲದೊಂದಿಗೆ ಪೊಟ್ಯಾಸಿಯಂ ಫೆರ್ರೊಸಯನೈಡ್ ಹಾಕಿದರೆ ಕೂಡಿಟ್ಟ ಕಬ್ಬಿಣ ನೀಲಿಗಟ್ಟುತ್ತದೆ, ಹಿಮೋಗ್ಲೋಬಿನ್ ಒಳಗೆ ಬಿಗಿದಿರುವ ಕಬ್ಬಿಣ ಮಿಸುಕುವುದಿಲ್ಲ. ಮರುವರ್ಷವೇ ನಾಯ್ಮನ್ ಮತ್ತು ಬಿಜೋಜೆರೊ, ಒಬ್ಬ ಕೋನಿಗ್ಸ್‌ಬರ್ಗ್‌ನಲ್ಲಿ, ಇನ್ನೊಬ್ಬ ಇಟಲಿಯಲ್ಲಿ, ರಕ್ತ ಹುಟ್ಟುವುದು ಮಜ್ಜೆಯಲ್ಲಿ ಎಂದು ತೋರಿಸಿದರು. ಹೀಗೆ ಬೆನ್ನುಬೆನ್ನಿಗೆ ಬಂದ ಎರಡು ಅರಿವುಗಳು ವೈದ್ಯರ ಬಳಕೆಯಲ್ಲಿ ಒಂದಾಗಲು ಎಂಬತ್ತು ವರ್ಷ ಹಿಡಿಯಿತು. ನನಗೆ ಕಾಣುವ ಕಾರಣ ಸರಳ: ಬದುಕಿರುವವರ ಮಜ್ಜೆ ಸುಲಭವಾಗಿ ಕೈಗೆ ಸಿಗುತ್ತಿರಲಿಲ್ಲ. 1927ರಲ್ಲಿ ಲೆನಿನ್‌ಗ್ರಾಡ್‌ನ ಅರಿಂಕಿನ್, ಬೆನ್ನುಹುರಿಯ ನೀರು ತೆಗೆಯುವ ಸೂಜಿಯನ್ನೇ ಎದೆಮೂಳೆಗೆ ಚುಚ್ಚಿ ಮಜ್ಜೆ ಎಳೆದ ಮೇಲೆ ದಾರಿ ತೆರೆಯಿತು.

1948ರಲ್ಲಿ ಅಮೆರಿಕದ ಚಾರ್ಲ್ಸ್ ರಾತ್ ಮತ್ತು ಕ್ಲೆಮೆಂಟ್ ಫಿಂಚ್ ಎದೆಮೂಳೆಯ ಮಜ್ಜೆಯಲ್ಲಿ ಕಾಣುವ ಹೀಮೋಸಿಡೆರಿನ್‌ನಿಂದ ದೇಹದ ಕಬ್ಬಿಣದ ದಾಸ್ತಾನನ್ನು ಅಂದಾಜಿಸುವ ವಿಧಾನವನ್ನು ಪ್ರಕಟಿಸಿದರು. ಬಣ್ಣ ಹಾಕದಿದ್ದರೂ ಆ ಕಣಗಳು ಹೊಂಬಣ್ಣ ಬೆರೆತ ಕಂದಾಗಿ ಕಾಣುತ್ತವೆ. 1963ರಲ್ಲಿ ಜೋಹಾನ್ಸ್‌ಬರ್ಗ್‌ನ ಗೇಲ್, ಟೊರೆನ್ಸ್ ಮತ್ತು ಬಾಥ್‌ವೆಲ್ ಮಜ್ಜೆಯ ಕಬ್ಬಿಣವನ್ನು ರಾಸಾಯನಿಕವಾಗಿಯೇ ಅಳೆದರು. ಸ್ಲೈಡಿನಲ್ಲಿ ಕಾಣುವ ಕಬ್ಬಿಣಕ್ಕೆ ಕೊಡುವ ಸೊನ್ನೆಯಿಂದ ಆರರವರೆಗಿನ ಶ್ರೇಣಿ ಇಂದಿಗೂ ಗೇಲ್ ಹೆಸರಲ್ಲೇ ನಡೆಯುತ್ತಿದೆ.

ಸ್ಲೈಡನ್ನೊಮ್ಮೆ ಹತ್ತಿರದಿಂದ ನೋಡಿ. ಗುಲಾಬಿ ಹಿನ್ನೆಲೆಯಲ್ಲಿ ಮಜ್ಜೆಯ ತುಣುಕುಗಳು, ಒದ್ದೆ ರವೆ ಚೆಲ್ಲಿದಂತೆ. ಆ ತುಣುಕುಗಳೊಳಗಿನ ಮ್ಯಾಕ್ರೋಫೇಜ್ ಕೋಶಗಳಲ್ಲಿ ನೀಲಿ ಚುಕ್ಕೆ ಇದೆಯೇ ಎಂಬುದೇ ಹುಡುಕಾಟ. ಮೈಕ್ರೋಸ್ಕೋಪಿನ ತಿರುಪನ್ನು ಕೊಂಚ ತಿರುಗಿಸಿದಾಗ ಕೋಶ ಮಸುಕಾಗಿ ನೀಲಿ ಮಾತ್ರ ನಿಚ್ಚಳವಾದರೆ ಅದು ಕೋಶದೊಳಗಿನದಲ್ಲ, ಮೇಲೆ ಬಂದು ಕೂತ ಕೊಳೆ. ತೊಳೆಯುವ ನೀರಿನಲ್ಲಿ ಕಬ್ಬಿಣವಿದ್ದರೂ ಈ ಮೋಸ ಆಗುತ್ತದೆ. ಅದಕ್ಕೇ ಕಬ್ಬಿಣ ಇದೆಯೆಂದು ಮೊದಲೇ ಗೊತ್ತಿರುವ ಸ್ಲೈಡೊಂದಕ್ಕೂ ಜೊತೆಯಲ್ಲೇ ಬಣ್ಣ ಹಾಕುತ್ತಾರೆ. ಅದೂ ನೀಲಿಯಾಗದಿದ್ದರೆ ತಪ್ಪು ರೋಗಿಯದಲ್ಲ, ದ್ರಾವಣದ್ದು.

ಇನ್ನೂ ದೊಡ್ಡ ತೊಡಕು ತುಣುಕುಗಳ ಸಂಖ್ಯೆಯದು. ಎಳೆದದ್ದರಲ್ಲಿ ಬರೀ ರಕ್ತವೇ ಬಂದಿದ್ದರೆ "ಕಬ್ಬಿಣ ಇಲ್ಲ" ಎಂಬ ವರದಿಗೆ ಅರ್ಥವೇ ಇಲ್ಲ. ಒಂದು ಮೂಲೆ ಕೆದಕಿ ಇಡೀ ಕಣಜ ಖಾಲಿ ಎಂದ ಹಾಗೆ. ಬಣ್ಣ ಕಾಣದ ಮಾತ್ರಕ್ಕೆ ಕೊರತೆ ಖಚಿತವಾಗದು ಎಂದು ಬ್ಯಾರನ್ ಮತ್ತು ಸಂಗಡಿಗರು 2001ರಲ್ಲಿ ಬರೆದರು. 2004ರಲ್ಲಿ ಹ್ಯೂಸ್, ಸ್ಟುವರ್ಟ್-ಸ್ಮಿತ್ ಮತ್ತು ಬಾರ್ಬರಾ ಬೇನ್, "ಇಲ್ಲ" ಎನ್ನುವ ಮೊದಲು ಕನಿಷ್ಠ ಏಳು ತುಣುಕು ನೋಡಬೇಕೆಂದರು. ರಾತ್ ಮತ್ತು ಫಿಂಚ್ ಬರೆದು ಐವತ್ತಾರು ವರ್ಷ ಕಳೆದ ಮೇಲೆ ಈ ಪ್ರಶ್ನೆ ಕೇಳಬೇಕಾಯಿತಲ್ಲ! ಇದರ ತಿರುಗುಮುರುಗು ತೊಡಕೂ ಉಂಟು. ಕಬ್ಬಿಣದ ಇಂಜೆಕ್ಷನ್ ಪಡೆದವರ ಮಜ್ಜೆ ನೀಲಿಯಿಂದ ತುಂಬಿದ್ದರೂ ಅದೆಲ್ಲ ಬಳಕೆಗೆ ಒದಗುವ ಕಬ್ಬಿಣವಾಗಿರಬೇಕಿಲ್ಲ.

ನಿಜವಾದ ಅಳತೆ ಬೇಕೆಂದರೆ ರಕ್ತ ತೆಗೆಯುತ್ತಲೇ ಹೋಗಬೇಕು. ಅರ್ಧ ಲೀಟರಿಗೆ ಸುಮಾರು 200ರಿಂದ 250 ಮಿಲಿಗ್ರಾಂ ಕಬ್ಬಿಣ ಹೊರಬೀಳುತ್ತದೆ. ರಕ್ತಹೀನತೆ ತಲೆದೋರುವವರೆಗೆ ಹೋದದ್ದೆಷ್ಟು ಎಂದು ಕೂಡಿದರೆ ದಾಸ್ತಾನಿನ ಲೆಕ್ಕ ಸಿಗುತ್ತದೆ. 1952ರಲ್ಲಿ ಹ್ಯಾಸ್ಕಿನ್ಸ್ ಮತ್ತಿತರರು ಹೀಗೇ ಅಳೆದರು. ದಿನದಿನದ ಚಿಕಿತ್ಸೆಗೆ ಹೊಂದುವ ದಾರಿಯಲ್ಲ.

ಸೂಜಿಯನ್ನು ಹಿಂದೆ ಸರಿಸಿದ್ದು ಫೆರಿಟಿನ್. 1937ರಲ್ಲಿ ಲಾಫ್‌ಬರ್ಗರ್ ಕುದುರೆಯ ಗುಲ್ಮದಿಂದ ಬೇರ್ಪಡಿಸಿದ್ದ ಈ ಪ್ರೋಟೀನನ್ನು ರಕ್ತದ ಸೀರಮ್‌ನಲ್ಲಿ ಅಳೆಯುವ ವಿಧಾನ 1972ರಲ್ಲಿ ಕಾರ್ಡಿಫ್‌ನ ಅಡಿಸನ್ ಮತ್ತು ಸಂಗಡಿಗರಿಂದ ಬಂತು. ಈಗ ಕಬ್ಬಿಣಕ್ಕಾಗಿಯೇ ಮಜ್ಜೆ ತೆಗೆಯುವುದು ಅಪರೂಪ. ಬೇರೆ ಕಾರಣಕ್ಕೆ ತೆಗೆದಾಗ ಈ ಬಣ್ಣವನ್ನೂ ಹಾಕುತ್ತಾರೆ. ಸೋಂಕು, ಉರಿಯೂತಗಳಲ್ಲಿ ಫೆರಿಟಿನ್ ಏರುವುದರಿಂದ ಸಂಶಯ ಬಂದಾಗ ಮಜ್ಜೆಯ ಕಡೆ ಮತ್ತೆ ಕಣ್ಣು ಹೊರಳುತ್ತದೆ.

ಆದರೆ ಫೆರಿಟಿನ್ ಎಷ್ಟಕ್ಕಿಳಿದರೆ ಕೊರತೆ ಎಂದು ತೀರ್ಮಾನಿಸಿದ್ದು ಹೇಗೆ? ಬಹುಮಟ್ಟಿಗೆ ಮಜ್ಜೆಯ ಸ್ಲೈಡನ್ನು ಪಕ್ಕದಲ್ಲಿಟ್ಟುಕೊಂಡೇ. ಆರೋಗ್ಯವಂತ ವಯಸ್ಕರಿಗೆ ಲೀಟರಿಗೆ 15 ಮೈಕ್ರೋಗ್ರಾಂ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳುವಾಗಲೂ ಮಜ್ಜೆಯೊಂದಿಗಿನ ಹೋಲಿಕೆ ಅದರ ಪುರಾವೆಗಳಲ್ಲಿ ಒಂದಾಗಿತ್ತು. ಅಂಥ ಹೋಲಿಕೆಯ ಹಳೆಯ ಅಧ್ಯಯನಗಳನ್ನು ತೆರೆದಾಗ ನಾನು ಮೊದಲು ಹುಡುಕುವುದು, ಎಷ್ಟು ತುಣುಕು ನೋಡಿದರು ಎಂಬ ಸಾಲು ಎಲ್ಲಾದರೂ ಇದೆಯೇ ಎಂದು.