ಕಾಂಗಾ: ಮೂಡಣ ಆಫ್ರಿಕದ ಸ್ತ್ರೀಯರ ಮಾತನಾಡುವ ವಸ್ತ್ರ

ಆಫ್ರಿಕಾ ಖಂಡದ ಮೂಡಣ ಕರಾವಳಿಯಲ್ಲಿ, ಮೊಂಬಾಸಾ, ಜಂಜಿಬಾರ್, ಲಾಮು ಮೊದಲಾದ ಸ್ವಾಹಿಲಿ ಪಟ್ಟಣಗಳಲ್ಲಿ, ಸ್ತ್ರೀಯರು ಉಡುವ ಅಚ್ಚಿನ ವಸ್ತ್ರಕ್ಕೆ ಕಾಂಗಾ ಎಂದು ಹೆಸರು. ಅದು ಹೊಲಿಗೆಯಿಲ್ಲದ ಹತ್ತಿಯ ಅರಿವೆ. ಉದ್ದ ಸುಮಾರು 5 ಅಡಿ, ಅಗಲ ಮೂರೂವರೆ ಅಡಿ. ಜೋಡಿಯಾಗಿಯೇ ಅದನ್ನು ಮಾರುವುದು ವಾಡಿಕೆ. ಒಂದನ್ನು ಸೊಂಟಕ್ಕೋ ಎದೆಗೋ ಸುತ್ತಿ, ಮತ್ತೊಂದನ್ನು ತಲೆಯ ಮೇಲಿನಿಂದ ಹೆಗಲಿಗೆ ಹೊದೆಯುತ್ತಾರೆ. ಈ ಎರಡನೆಯ ತುಂಡು ಬರಿಯ ಅಲಂಕಾರಕ್ಕಾಗಿ ಬಂದುದಲ್ಲ. ತಲೆಯ ಮೇಲೆ ಅರಿವೆ ಹೊದೆಯುವುದಕ್ಕೆ ಸಾವಿರಾರು ಹೆಂಗಸರಿಗೆ ಹಕ್ಕೇ ಇಲ್ಲದಿದ್ದ ಕಾಲವೊಂದಿತ್ತು.

ಹತ್ತೊಂಬತ್ತನೆಯ ಶತಮಾನದ ಜಂಜಿಬಾರಿನಲ್ಲಿ ಓಮಾನಿ ಸುಲ್ತಾನರ ಆಳಿಕೆ. ಸಂಪತ್ತೆಲ್ಲವೂ ಲವಂಗದ ತೋಟಗಳಿಂದ, ತೋಟಗಳ ದುಡಿಮೆಯೆಲ್ಲವೂ ಗುಲಾಮರಿಂದ. ಅಲ್ಲಿ ಮನುಷ್ಯನ ಅಂತಸ್ತನ್ನು ಅರಿವೆಯೇ ಹೇಳುತ್ತಿತ್ತು. ಒಡತಿಯರು ರೇಷ್ಮೆಯಲ್ಲಿ ಮೆರೆದರೆ, ಗುಲಾಮ ಸ್ತ್ರೀಗೆ ಕಂಕುಳಡಿಯಲ್ಲಿ ಬಿಗಿದ ಒಂದೇ ತುಂಡು. ಆ ತುಂಡು ‘ಮೆರಿಕಾನಿ’ ಆಗಿರುತ್ತಿತ್ತು, ಇಲ್ಲವೆ ‘ಕಾನಿಕಿ’. ಅಮೆರಿಕದ ಮ್ಯಾಸಚೂಸೆಟ್ಸ್ ಗಿರಣಿಗಳಿಂದ ಹಡಗಿನಲ್ಲಿ ಬರುತ್ತಿದ್ದ ಕೋರಾ ಬಟ್ಟೆಗೆ ಮೆರಿಕಾನಿ ಎನ್ನುತ್ತಿದ್ದರು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಆ ಬಟ್ಟೆಯ ಬರವು ಕುಗ್ಗಿತು. ಮುಂದೆ ಮುಂಬಯಿಯ ಗಿರಣಿಗಳ ಬಟ್ಟೆಯೂ ಅದೇ ಪೇಟೆಗೆ ನುಗ್ಗಿತು. ಕಾನಿಕಿ ಎಂಬುದು ನೀಲಿಯಲ್ಲಿ ಅದ್ದಿದ ಕಡುಕಪ್ಪು ಅರಿವೆ. ಅದನ್ನುಟ್ಟವಳು ಯಾರೆಂದು ಕೇಳಬೇಕಾಗಿಯೇ ಇರಲಿಲ್ಲ.

ಸುಲ್ತಾನ್ ಬರ್ಗಶನು ಆಂಗ್ಲರ ಒತ್ತಾಯಕ್ಕೆ ಮಣಿದು 1873ರಲ್ಲಿ ಗುಲಾಮರ ಸಂತೆಯನ್ನು ಮುಚ್ಚಿಸಿದನು. 1897ರ ಆಜ್ಞೆಯಿಂದ ಗುಲಾಮಗಿರಿಗೆ ಕಾನೂನಿನ ಮನ್ನಣೆ ತಪ್ಪಿತು. ಆದರೆ ಬಿಡುಗಡೆ ಬೇಕಾದವರು ತಾವಾಗಿ ನ್ಯಾಯಾಲಯಕ್ಕೆ ಹೋಗಿ ಅರಿಕೆ ಮಾಡಿಕೊಳ್ಳಬೇಕಾಗಿತ್ತು. ನಷ್ಟಪರಿಹಾರ ದೊರೆತುದು ಒಡೆಯರಿಗೆ! ಒಡೆಯರು ಇಟ್ಟುಕೊಂಡ ದಾಸಿಯರಿಗಂತೂ 1909ರವರೆಗೆ ಆ ಬಾಗಿಲೂ ತೆರೆಯಲಿಲ್ಲ. ಕಾನೂನು ಹೀಗೆ ಕುಂಟುತ್ತ ಸಾಗಿದಾಗ ಸ್ತ್ರೀಯರು ಅದಕ್ಕಾಗಿ ಕಾಯುತ್ತ ಕುಳಿತಿರಲಿಲ್ಲ. ಕೈಗೆ ನಾಲ್ಕು ಕಾಸು ಬಂದೊಡನೆ ಕಾನಿಕಿಯನ್ನು ಬಿಸುಟು ಬಣ್ಣದ ಕಾಂಗಾ ಜೋಡಿಯನ್ನು ಕೊಂಡರು, ತಲೆಯ ಮೇಲೆ ಹೊದೆದರು. ಗುಲಾಮರ ಮನೆಯಲ್ಲಿ ಹುಟ್ಟಿ, ಮಡಕೆ ಮಾರಿ ಬದುಕಿದ ಸಿತಿ ಬಿಂತಿ ಸಾದ್ ಎಂಬ ಗಾಯಕಿ 1928ರಲ್ಲಿ ಮುಂಬಯಿಗೆ ಬಂದು ಗ್ರಾಮಫೋನು ತಟ್ಟೆಗಳಿಗೆ ಹಾಡಿದುದನ್ನು ನೆನೆದರೆ, ಆ ಪೀಳಿಗೆಯ ಹೆಂಗಸರ ಎದೆಗಾರಿಕೆ ಎಂಥದೆಂಬುದು ಮನಗಾಣುತ್ತದೆ.

ಈ ವಸ್ತ್ರದ ಹುಟ್ಟು ಸ್ವಾರಸ್ಯವಾದುದು. ಪೋರ್ತುಗೀಜರು ಕರವಸ್ತ್ರಕ್ಕೆ ‘ಲೆಂಸು’ ಎನ್ನುತ್ತಾರೆ. ಕರಾವಳಿಯವರ ಬಾಯಲ್ಲಿ ಅದು ‘ಲೇಸೋ’ ಆಯಿತು. ಅಚ್ಚಿನ ಕರವಸ್ತ್ರಗಳು ಬಿಡಿಯಾಗಿ ಬಾರದೆ, ಒಂದಕ್ಕೊಂದು ಅಂಟಿದ ಉದ್ದನೆಯ ಸುರುಳಿಯಾಗಿ ಅಂಗಡಿಗೆ ಬರುತ್ತಿದ್ದುವು. ಜಾಣೆಯರು ಮೂರು ಮೂರು ಚೌಕಗಳ ಎರಡು ಪಟ್ಟಿಗಳನ್ನು ಕತ್ತರಿಸಿಕೊಂಡು, ಅಂಚಿಗಂಚು ಕೂಡಿಸಿ ಹೊಲಿದು, ಆರು ಚೌಕಗಳ ಉಡುಗೆಯನ್ನು ಮಾಡಿಕೊಂಡರೆಂದು ಪ್ರತೀತಿ. ಇದನ್ನು ಕಂಡ ವರ್ತಕರು ಅದೇ ಅಳತೆಯಲ್ಲಿ ಒಂದೇ ತುಂಡನ್ನು ಅಚ್ಚು ಹಾಕಿಸತೊಡಗಿದರು. ಹಳೆಯ ಅಚ್ಚುಗಳಲ್ಲಿ ಬಿಳಿಯ ಚುಕ್ಕೆಗಳು ತುಂಬಿದ್ದುವು; ಚುಕ್ಕೆಗರಿಯ ಗಿನಿಕೋಳಿಗೆ ಸ್ವಾಹಿಲಿಯಲ್ಲಿ ಕಾಂಗಾ ಎನ್ನುವುದರಿಂದ ಅರಿವೆಗೂ ಅದೇ ಹೆಸರು ಬಂದಿತಂತೆ. ವ್ಯಾಪಾರವು ಬಹುಮಟ್ಟಿಗೆ ನಮ್ಮ ದೇಶದಿಂದ ಹೋದವರ ಕೈಯಲ್ಲಿತ್ತು. ಮೊಂಬಾಸಾದಲ್ಲಿ 1887ರಲ್ಲಿ ಸ್ಥಾಪಿತವಾದ ಕಾದರ್‌ದೀನಾ ಹಾಜೀ ಇಸಾಕರ ಅಂಗಡಿಯ ‘ಮಾಲಿ ಯಾ ಅಬ್ದುಲ್ಲಾ’, ಎಂದರೆ ‘ಅಬ್ದುಲ್ಲನ ಸೊತ್ತು’, ಎಂಬ ಮುದ್ರೆಯು ಇಂದಿಗೂ ಪ್ರಸಿದ್ಧ.

ಕಾಂಗಾದ ನಾಲ್ಕೂ ಕಡೆಯ ಅಂಚಿಗೆ ಪಿಂಡೋ ಎಂದೂ ಒಡಲಿಗೆ ಮ್ಜಿ, ಅಂದರೆ ಊರು, ಎಂದೂ ಹೆಸರು. ಒಡಲಿನ ಕೆಳಭಾಗದಲ್ಲಿ ಒಂದು ಸಾಲು ಬರಹವಿರುತ್ತದೆ: ಗಾದೆ, ಒಗಟು, ಹರಕೆ, ಇಲ್ಲವೆ ಚುಚ್ಚುಮಾತು. ಅದು ಜೀನಾ, ಎಂದರೆ ಹೆಸರು. ಮೊದಲು ಅರಬ್ಬೀ ಲಿಪಿಯಲ್ಲಿದ್ದುದು ಬರಬರುತ್ತ ರೋಮನ್ ಲಿಪಿಗೆ ತಿರುಗಿತು. ಮದುವಣಗಿತ್ತಿಯು ಉಡುವ ಕೆಂಪು, ಕಪ್ಪು, ಬಿಳುಪಿನ ‘ಕಿಸುತು’ವಿಗೆ ಮಾತ್ರ ಬರಹವಿಲ್ಲ, ಅದರ ಗೆರೆಗಳಲ್ಲಿ ಕಚ್ಛ, ಗುಜರಾತಗಳ ಬಾಂಧನಿಯ ಛಾಯೆಯಿದೆ.

ಬಣ್ಣ ಎಷ್ಟು ಚೆಲುವಾಗಿದ್ದರೂ ಜೀನಾ ಹಿಡಿಸದಿದ್ದರೆ ಕೊಳ್ಳದೆ ಬರುವವರುಂಟು. ತಾಯಿಗೆ ಮಗಳು ಕೃತಜ್ಞತೆಯ ಮಾತುಳ್ಳದ್ದನ್ನು ಉಡುಗೊರೆ ಕೊಡುತ್ತಾಳೆ. ನೆರೆಯವಳ ಹೊಟ್ಟೆಕಿಚ್ಚಿಗೆ, ಸವತಿಯ ಕಿರುಕುಳಕ್ಕೆ, ಗಂಡನ ಉದಾಸೀನಕ್ಕೆ ತಕ್ಕ ಮಾತುಗಳೂ ಅಂಗಡಿಯಲ್ಲಿ ದೊರೆಯುತ್ತವೆ. ಬಾಯಿ ಬಿಟ್ಟು ಆಡಿದರೆ ಜಗಳವಾಗುವುದನ್ನು ಹೆಂಗಸು ಉಟ್ಟುಕೊಂಡು ಬೀದಿಯಲ್ಲಿ ನಡೆಯುತ್ತಾಳೆ. ಎದುರಾಳಿಯು ಓದಿ ಉರಿದರೂ ಕೇಳುವಂತಿಲ್ಲ, ಏಕೆಂದರೆ ಬರೆಸಿದವನು ವರ್ತಕ, ಇವಳು ಕೊಂಡವಳು ಮಾತ್ರ! ಹಳತಾದ ಮೇಲೆ ಅದೇ ಕಾಂಗಾ ಕೂಸನ್ನು ಬೆನ್ನಿಗೆ ಕಟ್ಟಿಕೊಳ್ಳಲು, ತಲೆಯ ಹೊರೆಗೆ ಸಿಂಬಿಯಾಗಲು, ಕಡೆಗೆ ಒಲೆಯಿಂದ ಪಾತ್ರೆಯಿಳಿಸಲು ಒದಗುತ್ತದೆ.